ನಿಲ್ಲದ ಏರಿಕೆ

ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಸುಮಾರು ಇಪ್ಪತ್ತು ವರ್ಷಗಳ ಏಕಾಂತ ಶ್ರಮದ ಫಲವಾಗಿ 1614ರಲ್ಲಿ ಲಾಗರಿದಮ್ ಕೋಷ್ಟಕಗಳನ್ನು ಪ್ರಕಟಿಸಿದನು. ಗುಣಾಕಾರದ ಕೆಲಸವನ್ನು ಸಂಕಲನದಿಂದ ಸಾಧಿಸುವ ಆ ಉಪಾಯಕ್ಕೆ ಮಾರುಹೋದ ಲಂಡನ್ನಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್, ಮರುವರ್ಷವೇ ದೂರದ ಪ್ರಯಾಣ ಮಾಡಿ ಅವನನ್ನು ಕಂಡನು. ಹತ್ತನ್ನು ಆಧಾರವಾಗುಳ್ಳ ಪದ್ಧತಿ ಅವರಿಬ್ಬರ ಸಮಾಲೋಚನೆಯಿಂದ ರೂಪುಗೊಂಡಿತು. ಗಣಕಯಂತ್ರ ಬಂದ ಮೇಲೆ ಕೋಷ್ಟಕದ ಪುಸ್ತಕ ಮೂಲೆ ಸೇರಿತು. ಆದರೆ ಲಾಗರಿದಮ್ಮಿನ ರೇಖಾಚಿತ್ರವನ್ನು ಬಲ್ಲವನಿಗೆ ಮಾತ್ರ ಅದರ ಒಳಗುಟ್ಟು ತಿಳಿಯುವುದು.

ಈ ರೇಖೆಯನ್ನು ಗುರುತಿಸಲು ಮೂರು ಲಕ್ಷಣಗಳು ಸಾಕು. ಅದು ಅಡ್ಡ ಅಕ್ಷವನ್ನು 1ರಲ್ಲಿಯೇ ದಾಟುತ್ತದೆ. ಲಂಬ ಅಕ್ಷದ ಸಮೀಪಕ್ಕೆ ಸರಿಯುತ್ತ ಹೋದರೂ ಎಂದಿಗೂ ಅದನ್ನು ಮುಟ್ಟದು. ಏಕೆಂದರೆ ಸೊನ್ನೆಗಾಗಲಿ ಋಣಸಂಖ್ಯೆಗಾಗಲಿ ಇಲ್ಲಿ ಪ್ರವೇಶವಿಲ್ಲ. ರೇಖೆಯ ಎತ್ತರ 1 ಆಗುವ ಸ್ಥಾನದಲ್ಲಿರುವ ಸಂಖ್ಯೆಯೇ ಅದರ ಆಧಾರ. ಆಧಾರ 1ಕ್ಕಿಂತ ದೊಡ್ಡದಾದರೆ ರೇಖೆ ಏರುತ್ತದೆ. ಸೊನ್ನೆಗೂ ಒಂದಕ್ಕೂ ನಡುವಿನದಾದರೆ ಇಳಿಯುತ್ತದೆ. ಇಡೀ ರೇಖೆಯನ್ನು ಬಲಕ್ಕೆ 3 ಮಾನ ಸರಿಸಿದರೆ, ಮುಟ್ಟಲಾಗದ ಗಡಿ 3ಕ್ಕೂ ಅಡ್ಡ ಅಕ್ಷವನ್ನು ದಾಟುವ ಬಿಂದು 4ಕ್ಕೂ ಸರಿಯುತ್ತವೆ.

ಹತ್ತರ ಆಧಾರದ ರೇಖೆಯನ್ನು ಎಳೆಯಹೊರಟ ವಿದ್ಯಾರ್ಥಿ 1ಕ್ಕೆ 0, 10ಕ್ಕೆ 1, 100ಕ್ಕೆ 2 ಎಂದು ಬಿಂದುಗಳನ್ನು ಗುರುತಿಸುತ್ತಾನೆ. ಬಳಿಕ ಬೇಸತ್ತು, ಉಳಿದ ಭಾಗವನ್ನು ಅಡ್ಡ ಅಕ್ಷಕ್ಕೆ ಸಮಾನಾಂತರವಾಗಿ ಎಳೆದುಬಿಡುತ್ತಾನೆ. ರೇಖೆಗೆ ಎಲ್ಲಿಯೋ ಒಂದು ಮೇಲ್ಛಾವಣಿಯಿದೆಯೆಂದು ಅವನ ನಂಬಿಕೆ. ಬರಿಯ ಕೆಂಪು ಶಾಯಿಯ ಗುರುತು ಈ ತಪ್ಪನ್ನು ತಿದ್ದಲಾರದು. ಅವನಿಂದಲೇ ಲೆಕ್ಕ ಮಾಡಿಸಬೇಕು. ಎರಡೂ ಅಕ್ಷಗಳಲ್ಲಿ ಒಂದು ಮಾನಕ್ಕೆ ಒಂದು ಸೆಂಟಿಮೀಟರ್ ಹಿಡಿದರೆ, ರೇಖೆ 6 ಸೆಂಟಿಮೀಟರ್ ಏರಲು 10 ಲಕ್ಷ ಸೆಂಟಿಮೀಟರ್, ಅಂದರೆ 10 ಕಿಲೋಮೀಟರ್ ಉದ್ದದ ಕಾಗದ ಬೇಕು. ಇನ್ನೊಂದೇ ಸೆಂಟಿಮೀಟರ್ ಏರಬೇಕಾದರೆ 100 ಕಿಲೋಮೀಟರ್! ಆದರೂ ರೇಖೆ ಏರುತ್ತದೆ. ಎಷ್ಟೇ ಎತ್ತರವನ್ನು ಹೇಳಿದರೂ ಒಂದು ದಿನ ಅದನ್ನು ಮೀರುತ್ತದೆ.

ಈ ಅರಿವು ಪರೀಕ್ಷೆಗೆ ಮಾತ್ರ ಮೀಸಲಲ್ಲ. ಭೂಕಂಪದ ಪ್ರಮಾಣ 6ರಿಂದ 7ಕ್ಕೆ ಏರಿತೆಂದರೆ ನೆಲದ ಕಂಪನದ ವಿಸ್ತಾರ ಹತ್ತು ಪಟ್ಟಾಯಿತೆಂದು ಅರ್ಥ. ರೇಖೆಯನ್ನು ಅರಿಯದವನಿಗೆ ಆ ಎರಡು ಅಂಕಿಗಳು ನೆರೆಹೊರೆಯವುಗಳಾಗಿಯೇ ಕಾಣುವುವು.

ತರಗತಿಯ ಹಿಂದಿನ ಸಾಲಿನಲ್ಲಿಯೂ ಇಂಥ ಏರಿಕೆಯುಂಟು. ಕಾಗದ ಮುಗಿಯಿತೆಂದು ರೇಖೆ ಮುಗಿಯಿತೆನ್ನದಿರುವುದೇ ಅಧ್ಯಾಪಕನ ಧರ್ಮ.