ತುಮರಿ ಬಂತಾ, ಕೆಳದಿ ಬಂತಾ?

ನಮ್ಮ ತರಗತಿಯಲ್ಲಿ ಹೆಸರುಗಳಿಗೆ ಬೆಲೆ ಇರಲಿಲ್ಲ. ಗಣಪತಿ ಎಂದು ಕೂಗಿದರೆ ಬೆಂಚಿಗೊಬ್ಬ ಎದ್ದು ನಿಲ್ಲುತ್ತಿದ್ದ. ಹುಡುಗಿಯರ ಸಾಲಿನಲ್ಲಿ ಸಾವಿತ್ರಿ, ನಾಗವೇಣಿಯರ ಕಥೆಯೂ ಅದೇ. ಇನಿಷಿಯಲ್ ಹಿಡಿದು ಬೇರ್ಪಡಿಸೋಣ ಎಂದರೆ ಅಪ್ಪಂದಿರ ಹೆಸರುಗಳೂ ಹೆಚ್ಚುಕಡಿಮೆ ಅವೇ. ಕೊನೆಗೆ ಗಣಿತದ ಮೇಷ್ಟ್ರು ಬೇಸತ್ತು ಊರಿನ ಹೆಸರು ಹಿಡಿದೇ ಕರೆಯಲು ಶುರುಮಾಡಿದರು. "ಇಕ್ಕೇರಿ, ಬೋರ್ಡಿಗೆ ಬಾ." "ಕೆಳದಿ, ಕಿಟಕಿಯಾಚೆ ಎಂತ ಇದ್ಯೋ?" "ತಾಳಗುಪ್ಪ, ನಿನ್ನ ರೈಲು ಇವತ್ತೂ ತಡವಾ?"

ಆ ತಾಳಗುಪ್ಪ ನಾನು.

ಸಾಗರದ ಹೈಸ್ಕೂಲಿಗೆ ಆಗ ಸುತ್ತಲಿನ ಹಳ್ಳಿಗಳಿಂದೆಲ್ಲ ಮಕ್ಕಳು ಬರುತ್ತಿದ್ದರು. ಹಾಗಾಗಿ ಹಾಜರಿ ಕೂಗುವಾಗ ತಾಲ್ಲೂಕಿಗೆ ತಾಲ್ಲೂಕೇ "ಹಾಜರ್ ಸಾರ್" ಎನ್ನುತ್ತಿತ್ತು. ಕೆಳದಿ, ಇಕ್ಕೇರಿ ಇಬ್ಬರೂ ಒಂದೇ ಬೆಂಚು. ನಾಯಕರ ಪಾಠ ಬಂದ ದಿನ ಸಮಾಜದ ಮೇಷ್ಟ್ರಿಗೆ ಹಬ್ಬ: ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ ಹೋದದ್ದನ್ನು ತೋರಿಸಲು ಕೋಲಿನ ತುದಿ ಒಂದು ತಲೆಯಿಂದ ಪಕ್ಕದ ತಲೆಗೆ ಸರಿಯುತ್ತಿತ್ತು. ಮೂರನೆಯ ರಾಜಧಾನಿ ಬಿದನೂರು ಹೊಸನಗರ ತಾಲ್ಲೂಕಿಗೆ ಸೇರಿದ್ದರಿಂದ ಅದಕ್ಕೆ ನಮ್ಮಲ್ಲಿ ತಲೆ ಇರಲಿಲ್ಲ. ಕೋಲು ಗೋಡೆಗೆ ಬೀಳುತ್ತಿತ್ತು. ಕಾಗೋಡಿನವನು ಹೋಂವರ್ಕ್ ಮಾಡದೆ ಬಂದರೆ "ಏನಪ್ಪಾ, 1951 ಮತ್ತೆ ಶುರುವಾಯ್ತಾ?" ಎಂಬ ಪ್ರಶ್ನೆ. ಲೋಹಿಯಾ ಬಂದು ಬಂಧನಕ್ಕೊಳಗಾದ ಗೇಣಿದಾರರ ಸತ್ಯಾಗ್ರಹ ನಡೆದ ಊರಿನವನು ಅವನು. ಹೆಗ್ಗೋಡಿನವನಿಗೆ ನೀನಾಸಮ್ಮಿನ ನಾಟಕದ ಗಾಳಿ ತಾಗಿತ್ತು, ಪೆಟ್ಟು ತಿನ್ನುವಾಗಲೂ ಮುಖ ಪ್ರೇಕ್ಷಕರ ಕಡೆಗೇ ಇರುತ್ತಿತ್ತು.

1985ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಎಲ್ಲರೂ ಚದುರಿದೆವು ಎಂದೇ ನಾನು ನಂಬಿಕೊಂಡಿದ್ದೆ. ಮದುವೆಯಾಗಿ ಮೈಸೂರು ಸೇರಿದ ನನ್ನಂಥವಳಿಗೆ ಹಾಗೆ ಅನ್ನಿಸುವುದು ಸಹಜ. ತಾಳಗುಪ್ಪ ಎಂದು ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. 2011ರಲ್ಲಿ ಬ್ರಾಡ್‌ಗೇಜು ತಾಳಗುಪ್ಪದವರೆಗೆ ಬಂದು, ಮೈಸೂರಿನಿಂದಲೇ ನಮ್ಮೂರಿಗೆ ರೈಲು ಹೊರಟ ಮೇಲೆ ಸ್ಟೇಷನ್ನಿನ ಧ್ವನಿವರ್ಧಕ ಮಾತ್ರ ಕೂಗುತ್ತಿತ್ತು: ತಾಳಗುಪ್ಪ ಇಷ್ಟನೇ ಪ್ಲಾಟ್‌ಫಾರಮ್ಮಿನಲ್ಲಿದೆ. ಬೇರೆ ಯಾರನ್ನೋ ಬೀಳ್ಕೊಡಲು ಹೋದಾಗಲೂ ಬಾಯಿ ತನ್ನಷ್ಟಕ್ಕೇ "ಹಾಜರ್" ಎನ್ನಲು ಹೊರಡುತ್ತಿತ್ತು.

ನಮ್ಮನ್ನೆಲ್ಲ ಒಟ್ಟು ಹಾಕಿದವನು ಇಕ್ಕೇರಿ. ತಾಲ್ಲೂಕು ಕಚೇರಿಯ ಹತ್ತಿರ ಅವನದೊಂದು ಜೆರಾಕ್ಸ್ ಅಂಗಡಿ. ಮನುಷ್ಯ ಎಷ್ಟೇ ದೂರ ಹೋಗಿರಲಿ, ಅಪ್ಪನ ಜಮೀನು ಪಾಲಾಗುವಾಗ ಪಹಣಿ ಪ್ರತಿ ಮಾಡಿಸಲು ಬರಲೇಬೇಕು. ಬಂದವನು ಇಕ್ಕೇರಿಯ ಕೈಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಆಧಾರ್ ಕಾರ್ಡು ಗಾಜಿನ ಮೇಲೆ ಮಗುಚುವ ಮುಂಚೆ ಒಮ್ಮೆ ಮುಖ ನೋಡುತ್ತಾನೆ, ಒಮ್ಮೆ ಹುಟ್ಟಿದ ವರ್ಷ ನೋಡುತ್ತಾನೆ. "ನೀನು ಆನಂದಪುರ ಅಲ್ಲವನಾ?" ಹೀಗೆ ಎಷ್ಟೋ ಜನ ಮೂರು ರೂಪಾಯಿಯ ಜೆರಾಕ್ಸಿಗೆ ಬಂದು ಸಿಕ್ಕಿಬಿದ್ದಿದ್ದಾರೆ.

ಅವನ ಪಟ್ಟಿಯನ್ನು ನಾನು ಕಣ್ಣಾರೆ ನೋಡಿದೆ. ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಬರೆದದ್ದು. ಅಕಾರಾದಿಯಲ್ಲ, ಹಾಜರಿ ನಂಬರೂ ಅಲ್ಲ, ಬಸ್ ರೂಟಿನ ಪ್ರಕಾರ! ಜೋಗದ ರೂಟು, ಸೊರಬದ ರೂಟು, ಆನಂದಪುರದ ರೂಟು, ಹೊಳೆಬಾಗಿಲ ರೂಟು. ಒಂದೊಂದು ರೂಟಿನಲ್ಲೂ ಹಳ್ಳಿಗಳು ಬಸ್ಸು ನಿಲ್ಲುವ ಕ್ರಮದಲ್ಲೇ ಇವೆ. ಪಕ್ಕದಲ್ಲಿ ಫೋನ್ ನಂಬರು, ಅದರ ಮುಂದೆ ಷರಾ. "ಪುಣೆ. ಅಣ್ಣನ ಹತ್ರ ಮಾತಿಲ್ಲ, ಅಣ್ಣನ್ನ ಕೇಳಬೇಡಿ." "ಸೊಸೆ ಬಾಣಂತನ, ಮಾರ್ಚ್ ತನಕ ಬರೂದಿಲ್ಲ." "ಶುಗರ್." ಆವಿನಹಳ್ಳಿಯ ಮುಂದೆ ನಂಬರು ಇರಲಿಲ್ಲ, ಒಂದು ಗೆರೆ ಎಳೆದಿತ್ತು. ಆವಿನಹಳ್ಳಿ ತೀರಿಹೋಗಿ ಬಹಳ ವರ್ಷವಾಯಿತಂತೆ. ಬಸ್ಸು ಈಗಲೂ ಆವಿನಹಳ್ಳಿಯಲ್ಲಿ ನಿಂತೇ ಹೊರಡುತ್ತದೆ.

ವಾಟ್ಸ್‌ಆಪ್ ಗುಂಪಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎಲ್ಲರಿಗೂ ಅಂಥದೊಂದು ಇದೆ. ಬೆಳಿಗ್ಗೆ ಗುಲಾಬಿ ಹೂವು, ಮಧ್ಯಾಹ್ನ ಹೃದಯಾಘಾತಕ್ಕೆ ಮನೆಮದ್ದು, ರಾತ್ರಿ ರಾಜಕೀಯ, ಮಾರನೇ ದಿನ ಇಬ್ಬರು ಗುಂಪು ಬಿಟ್ಟರು ಎಂಬ ಸೂಚನೆ. ಬೆಂಗಳೂರಿನಲ್ಲಿರುವ ಒಬ್ಬ "ನಲವತ್ತು ವರ್ಷದ ನಂತರ ಕಳೆದುಹೋದ ಗೆಳೆಯರು ಸಿಕ್ಕರು" ಎಂದು ಕಣ್ಣೀರಿನ ಚಿತ್ರಗಳ ಸಮೇತ ಉದ್ದನೆಯ ಒಕ್ಕಣೆ ಹಾಕಿದ. ಇಕ್ಕೇರಿ ಧ್ವನಿಸಂದೇಶದಲ್ಲಿ ಉತ್ತರಿಸಿದ: "ನಾವೆಲ್ಲಿ ಕಳೆದುಹೋಗಿದ್ವಿ ಮಾರಾಯಾ? ಕೆಳದಿ ವಾರಕ್ಕೆ ಎರಡು ಸಲ ಮಂಡಿಯಲ್ಲಿ ಸಿಕ್ತಾನೆ. ಕಾಗೋಡು ನನ್ನ ಬೀಗ. ಹೆಗ್ಗೋಡಿಗೆ ಸಾಲ ಕೊಟ್ಟು ಎರಡು ವರ್ಷ ಆಯ್ತು, ಅವನೊಬ್ಬ ಸಿಕ್ಕಿದ್ರೆ ನಂಗೂ ಅಡ್ಡಿಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ತರಗತಿಯ ಅರ್ಧಕ್ಕರ್ಧ ಜನ ಎಲ್ಲಿಗೂ ಹೋಗಿಯೇ ಇಲ್ಲ. ಒಬ್ಬರ ಕೊಟ್ಟಿಗೆಯಲ್ಲಿ ದನ ಕರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತು. ಕೊಳೆರೋಗಕ್ಕೆ ಯಾರು ಎಷ್ಟು ಸಲ ಔಷಧಿ ಹೊಡೆಸಿದರು, ಕೊನೆ ಇಳಿಸುವವರು ಸಿಗದೆ ಯಾರ ತೋಟದಲ್ಲಿ ಅಡಿಕೆ ಹಣ್ಣಾಗಿ ಉದುರಿತು, ಎಲೆಚುಕ್ಕೆ ಬಂದ ಮೇಲೆ ಯಾರು ಮಂಡಿಯ ಸಾಲ ಹೆಚ್ಚು ಮಾಡಿಸಿದರು, ಎಲ್ಲವೂ ಗೊತ್ತು. ಅವರಿಗೆ ನಮ್ಮ ಸಮ್ಮಿಲನವೆಂದರೆ ಹೊರಗಿನವರನ್ನು ಊಟಕ್ಕೆ ಕರೆಯುವ ಕಾರ್ಯಕ್ರಮ. ನಾವು ಮಾತ್ರ ಏನೋ ಶೋಧನೆ ಮಾಡಿದವರ ಗತ್ತಿನಲ್ಲಿ ಬ್ಯಾಗು ಕಟ್ಟಿ ಹೊರಟಿದ್ದೆವು.

ದಿನ ಗೊತ್ತುಮಾಡುವಾಗ ಬೆಂಗಳೂರಿನವರು ಜೋಗದ ಹತ್ತಿರ ರೆಸಾರ್ಟು, ಬ್ಯಾನರು, ಒಂದೇ ಬಣ್ಣದ ಅಂಗಿ ಎಂದೆಲ್ಲ ಯೋಜನೆ ಹಾಕಿದರು. ಇಕ್ಕೇರಿ ಒಂದೇ ಮಾತಿನಲ್ಲಿ ಮುಗಿಸಿದ: ಹೆಣ್ಣುಮಕ್ಕಳು ಬರಬೇಕಾದರೆ ಜಾತ್ರೆಗೇ ಇಡಬೇಕು. ಸಾಗರದ ಮಾರಿಕಾಂಬೆಗೆ ಮೂರು ವರ್ಷಕ್ಕೊಮ್ಮೆ ಜಾತ್ರೆ. ಅಮ್ಮನಿಗೂ ಇಲ್ಲಿ ಎರಡು ಗುಡಿ, ತವರುಮನೆಯದೊಂದು, ಗಂಡನ ಮನೆಯದೊಂದು. ಮೊದಲ ದಿನ ತವರಿನಲ್ಲಿ ಪೂಜೆ, ಉಳಿದ ದಿನಗಳು ಗಂಡನ ಮನೆಯಲ್ಲಿ. ದೇವಿಗೇ ಹಾಗಿರುವಾಗ ಸೊಸೆಯನ್ನು ಜಾತ್ರೆಗೆ ಕಳಿಸುವುದಿಲ್ಲ ಎನ್ನುವ ಅತ್ತೆ ಹುಟ್ಟಿಲ್ಲ. ಹುಡುಗಿಯರ ವಿಳಾಸ ಹುಡುಕಿದ್ದೂ ಇದೇ ದಾರಿಯಿಂದ. ಗಂಡನ ಮನೆಯ ಅಡ್ಡಹೆಸರು ಅಂಟಿಸಿಕೊಂಡು ಫೇಸ್‌ಬುಕ್ಕಿನಲ್ಲಿ ಮೊಮ್ಮಗುವಿನ ಚಿತ್ರ ಹಾಕಿ ಕೂತವರನ್ನು ಯಾವ ಯಂತ್ರ ಗುರುತಿಸೀತು? ತವರು ಯಾವುದು ಎಂದು ತಿಳಿದಿದ್ದರೆ ಸಾಕು. ಆ ಊರಿನ ಸೊಸೈಟಿಯಲ್ಲಿ ಅಕ್ಕಿ ಅಳೆಯುವವನಿಗೆ ಮಗಳು ಎಲ್ಲಿದ್ದಾಳೆ, ಎಷ್ಟು ಮಕ್ಕಳು, ಅಳಿಯನ ಸ್ವಭಾವ ಎಂಥದು, ಅಷ್ಟೂ ಬಾಯಿಪಾಠ.

ರೈಲಿನಿಂದ ಇಳಿದು ಬಿ.ಎಚ್. ರಸ್ತೆಗೆ ಬಂದರೆ, ನಾವು ಮಳೆಗಾಲದಲ್ಲಿ ಕೊಡೆ ಗಾಳಿಗೆ ಮಗುಚಿಕೊಂಡು ನಡೆದ ರಸ್ತೆ ಇದೇ ಎಂದು ನಂಬುವುದು ಕಷ್ಟ, ಅಷ್ಟು ಅಗಲವಾಗಿದೆ. ಗಣಪತಿ ಕೆರೆ ಮಾತ್ರ ಇದ್ದಲ್ಲೇ ಇದೆ. ಗುಡಿಗಾರರ ಅಂಗಡಿಗಳಲ್ಲಿ ಗಂಧದ ವಾಸನೆ ಮೊದಲಿಗಿಂತ ಕಡಿಮೆ, ಬೇರೆ ಮರದ ಗಣಪತಿಗಳು ಜಾಸ್ತಿ.

ಊಟ ಕೆಳದಿಯವನ ಮನೆಯ ಅಂಗಳದಲ್ಲಿ, ಚಪ್ಪರದ ಅಡಿ. ಚಪ್ಪರದ ಮೇಲೆ ಅಡಿಕೆ ಒಣಗುತ್ತಿತ್ತು. ದಬ್ಬೆಯ ಸಂದಿನಿಂದ ಆಗಾಗ ಒಂದು ಅಡಿಕೆ ಜಾರಿ ಯಾರದೋ ಎಲೆಗೆ ಬೀಳುತ್ತಿತ್ತು. "ಬಡಿಸಿದ್ದು ಸಾಕಾಯ್ತಿಲ್ವಾ" ಎಂದು ಕೆಳದಿಯ ಹೆಂಡತಿ ನಕ್ಕರು. ಶಾಲೆಯಲ್ಲಿ ಮೂರು ವರ್ಷ ನಾವು ಹುಡುಗಿಯರು ಹುಡುಗರೊಂದಿಗೆ ಒಂದು ಮಾತೂ ಆಡಿದವರಲ್ಲ. ಪುಸ್ತಕ ಬೇಕಾದರೆ ಯಾರದೋ ತಮ್ಮನ ಕೈಯಲ್ಲಿ ಹೇಳಿಕಳಿಸುತ್ತಿದ್ದೆವು. ಈಗ ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ ಎಲ್ಲರೂ ಕರ್ತೃಪದವೇ ಇಲ್ಲದ ವಾಕ್ಯಗಳಲ್ಲಿ ಮಾತಾಡುತ್ತಿದ್ದರು: "ಬಂದದ್ದು ಯಾವಾಗ?" "ಉಳಿಯೋದು ಎಷ್ಟು ದಿನ?" "ಕಾಲು ನೋವು ಇತ್ತಂತೆ, ಕಡಿಮೆಯಾ?" ತೊಡೆದೇವು ಬಡಿಸುವ ಹೊತ್ತಿಗೆ ಅದು ಸಡಿಲವಾಯಿತು. ಹೆಗ್ಗೋಡು ನನ್ನ ಎಲೆಗೆ ಇನ್ನೊಂದು ಹಾಕಿಸಿ, "ತಿನ್ನೇ ಮಾರಾಯ್ತಿ, ಮೈಸೂರಲ್ಲಿ ಇದೆಲ್ಲ ಎಂತ ಸಿಕ್ತದೆ" ಎಂದ. ಇಕ್ಕೇರಿ ಬಡಿಸುವ ನೆಪದಲ್ಲಿ ಅವನ ಹಿಂದೆಯೇ ಸುತ್ತುತ್ತಿದ್ದ.

ಗಣಿತದ ಮೇಷ್ಟ್ರನ್ನು ಕರೆತಂದಿದ್ದರು. ಶಾಲು, ಫಲ, ಸ್ಮರಣಿಕೆ, ಗುರುವಂದನೆಯ ಭಾಷಣ ಯಾವುದೂ ಇರಲಿಲ್ಲ. ಇಂಥ ಕಾರ್ಯಕ್ರಮಗಳಲ್ಲಿ ಎಂಬತ್ತು ದಾಟಿದವರನ್ನು ವೇದಿಕೆಯ ಮೇಲೆ ಮೂರು ತಾಸು ಕೂರಿಸಿ ಗೌರವಿಸುವುದು ನನಗಂತೂ ಶಿಕ್ಷೆಯಾಗಿ ಕಾಣುತ್ತದೆ. ಇವರು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಇಕ್ಕೇರಿಯನ್ನು ಕೆಳದಿ ಎಂದೂ ಕೆಳದಿಯನ್ನು ಇಕ್ಕೇರಿ ಎಂದೂ ಕರೆದರು. ಇಬ್ಬರೂ "ಹೌದು ಸಾರ್" ಎಂದರು.

ತುಮರಿ ಬಂದದ್ದು ಎಲ್ಲರಿಗಿಂತ ಮೊದಲು. ಅದೇ ದೊಡ್ಡ ಸುದ್ದಿ. ಶಾಲೆಯ ದಿನಗಳಲ್ಲಿ ಅವನು ಸಾಗರದಲ್ಲಿ ನೆಂಟರ ಮನೆಯಲ್ಲಿದ್ದು ಶನಿವಾರ ಊರಿಗೆ ಹೋಗುತ್ತಿದ್ದ. ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಚೀಲ ಹೆಗಲಿಗೆ. ಬಸ್ಸು ತಪ್ಪಿದರೆ ಹೊಳೆಬಾಗಿಲಲ್ಲಿ ಲಾಂಚು ತಪ್ಪಿತು. ಲಾಂಚು ತಪ್ಪಿದರೆ ಆಚೆ ದಡದಲ್ಲಿ ಮನೆಯ ದಿಕ್ಕು ಕಾಣುತ್ತಿದ್ದರೂ ರಾತ್ರಿ ಈಚೆ ದಡದಲ್ಲೇ. ಲಿಂಗನಮಕ್ಕಿ ಅಣೆಕಟ್ಟಿನ ನೀರು ತುಂಬಿ ಅವನೂರು ದ್ವೀಪದಂತಾದದ್ದು 1964ರಲ್ಲಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆಗೆ ಅರವತ್ತು ವರ್ಷ ಕಾದ ದ್ವೀಪವಾಸಿ, ಈಗ ಕಾರಿನಲ್ಲಿ ಕೆಲವೇ ನಿಮಿಷದಲ್ಲಿ ಹೊಳೆ ದಾಟಿ ಬೆಳಗಿನ ತಿಂಡಿಯ ಹೊತ್ತಿಗೇ ಕೆಳದಿಯವನ ಅಂಗಳದಲ್ಲಿ ಹಾಜರಿದ್ದ, ಕೈಯಲ್ಲಿ ಅಪ್ಪೆಮಿಡಿಯ ಭರಣಿ ಹಿಡಿದು. "ಅಭ್ಯಾಸ ಬಿಡೂದಿಲ್ಲ, ಎಲ್ಲಿಗೆ ಹೊರಟರೂ ಎರಡು ತಾಸು ಮುಂಚೆ ಹೊರಡ್ತೆ," ಎಂದ.

ಊಟವಾದ ಮೇಲೆ ಕವಳ ಹಾಕುತ್ತ ಅವನು ತನ್ನ ಅಪ್ಪನ ವಿಷಯ ಹೇಳಿದ. ಸಮ್ಮಿಲನಕ್ಕೆ ಹೊರಟಿದ್ದೇನೆ ಎಂದಾಗ ಮುದುಕರು ಕೇಳಿದರಂತೆ, "ನಿಮ್ಮ ಶಾಲೆ ಇನ್ನೂ ಉಂಟಾ?" ಅವರದ್ದು ನೀರಿನಡಿ. ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಮುಗಿದಾಗ ಒಂದಷ್ಟು ಹಳ್ಳಿ ಹೋದವು. ಲಿಂಗನಮಕ್ಕಿ ಎದ್ದಾಗ ಆ ಅಣೆಕಟ್ಟೇ ಮುಳುಗಿತು. ಜನರನ್ನು ಸಾಮಾನು ಸಮೇತ ಲಾರಿಗೆ ಹತ್ತಿಸಿ ಶಿವಮೊಗ್ಗ, ಹೊಸನಗರ, ಸೊರಬದ ಕಾಡುಗಳಲ್ಲಿ ಇಳಿಸಿದರು. ಒಂದೇ ಬೆಂಚಿನಲ್ಲಿ ಮಗ್ಗಿ ಹೇಳಿದವರು ಒಂದೊಂದು ಲಾರಿಯಲ್ಲಿ ಒಂದೊಂದು ದಿಕ್ಕಿಗೆ. ಎಷ್ಟೋ ಮನೆಗಳಿಗೆ ಆ ಜಾಗದ ಹಕ್ಕುಪತ್ರದ ತಕರಾರು ಇಂದಿಗೂ ಮುಗಿದಿಲ್ಲ. ಮಳೆ ಕಡಿಮೆಯಾಗಿ ಹಿನ್ನೀರು ತೀರ ಇಳಿದ ಒಂದು ಬೇಸಿಗೆ, ತುಮರಿ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಬಿರುಕುಬಿಟ್ಟ ಕೆಸರಿನ ಬಯಲು, ಕರಿ ಮರದ ಮೋಟುಗಳು. ಅಪ್ಪ ಕೋಲೂರಿಕೊಂಡು ನೇರ ಒಂದು ಕಡೆ ಹೋಗಿ ನಿಂತು ಎಡಕ್ಕೆ ಒಬ್ಬನ ಹೆಸರು ಹೇಳಿದರು, ಬಲಕ್ಕೆ ಇನ್ನೊಬ್ಬನದು, ಹಿಂದೆ ತಿರುಗಿ ಮತ್ತೆರಡು. ಕೂರುತ್ತಿದ್ದ ಜಾಗಗಳು! ಅದರಲ್ಲಿ ಒಬ್ಬನನ್ನು ಮಾತ್ರ ಆಮೇಲೆ ಕಂಡಿದ್ದರಂತೆ, ಯಾವುದೋ ಆಸ್ಪತ್ರೆಯ ಸಾಲಿನಲ್ಲಿ, ಅದೂ ಕೆಮ್ಮಿದ ಧ್ವನಿಯಿಂದ ಗುರುತು ಹಿಡಿದು. ಇಬ್ಬರೂ ಶಾಲೆಯ ಮಾತು ಎತ್ತಲಿಲ್ಲ. ನಿನಗೆ ಎಷ್ಟು ಎಕರೆ ಕೊಟ್ಟರು, ಪತ್ರ ಆಯಿತಾ ಎಂದಷ್ಟೇ ಕೇಳಿಕೊಂಡರು. ಅಷ್ಟರಲ್ಲಿ ಟೋಕನ್ ಕರೆದರು.

ಬೆಂಗಳೂರಿನವನು ಇದನ್ನೆಲ್ಲ ವೀಡಿಯೋ ಮಾಡಿಕೊಳ್ಳಲು ಫೋನು ಎತ್ತಿದ್ದ, ಅರ್ಧಕ್ಕೇ ಇಳಿಸಿದ. ಸ್ವಲ್ಪ ಹೊತ್ತಿಗೆ ಕಾಗೋಡು ಅಡಿಕೆ ಧಾರಣೆಯ ಮಾತು ತೆಗೆದು ಎಲ್ಲರನ್ನೂ ಪಾರು ಮಾಡಿದ.

ಪಟ್ಟಿಯಲ್ಲಿ ಒಂದು ಊರು ಮಾತ್ರ ಬಾಕಿ ಉಳಿದಿದೆ: ಕಾರ್ಗಲ್. ಇಕ್ಕೇರಿಯ ವಿಧಾನ ಸೋತದ್ದು ಅಲ್ಲೊಂದೇ ಕಡೆ. ಏಕೆಂದರೆ ಕಾರ್ಗಲ್ ಎಂದು ಕರೆಸಿಕೊಂಡವನಿಗೆ ಅದು ಸ್ವಂತ ಊರಲ್ಲ, ವಿದ್ಯುತ್ ನಿಗಮದ ಕಾಲೊನಿಯಲ್ಲಿ ಅವನಪ್ಪನಿಗೆ ಕ್ವಾರ್ಟರ್ಸು ಇತ್ತು, ಅಷ್ಟೇ. ಅಲ್ಲಿ ಅವನಿಗೆ ಪಹಣಿಯಿಲ್ಲ, ಸೊಸೈಟಿಯಲ್ಲಿ ಖಾತೆಯಿಲ್ಲ, ಜಾತ್ರೆಗೆ ಬರಲು ಮನೆಯಿಲ್ಲ. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ವರ್ಗವಾಗಿ ಹೋದರು. ಎಡಗೈ ಬೌಲರ್. 1983ರ ಜೂನ್‌ನಲ್ಲಿ ವಿಶ್ವಕಪ್ ಫೈನಲ್ಲನ್ನು ರೇಡಿಯೋದಲ್ಲಿ ಕೇಳಿ, ಸೋಮವಾರ ತರಗತಿಯಲ್ಲಿ ಕಪಿಲ್ ದೇವ್ ಹಿಂದಕ್ಕೆ ಓಡಿ ರಿಚರ್ಡ್ಸ್‌ನ ಕ್ಯಾಚು ಹಿಡಿದದ್ದನ್ನು ಡಸ್ಟರ್ ಎಸೆದು ತಾನೇ ಹಿಡಿದು ತೋರಿಸಲು ಹೋಗಿ, ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡವನು. ಹುಬ್ಬಿನ ಮೇಲೆ ಹೊಲಿಗೆಯ ಗುರುತು ಈಗಲೂ ಇರಬೇಕು. ಮಾತು ಮಂಡ್ಯದ ಕಡೆಯದು. ಇಂಥವರು ಯಾರಾದರೂ ಕಂಡರೆ ಸಾಗರದ ತಾಲ್ಲೂಕು ಕಚೇರಿಯ ಹತ್ತಿರ ಬಂದು ಇಕ್ಕೇರಿಯವನ ಜೆರಾಕ್ಸ್ ಅಂಗಡಿ ಯಾವುದೆಂದು ಕೇಳಿ, ಯಾರು ಬೇಕಾದರೂ ತೋರಿಸುತ್ತಾರೆ. ಒಂದೂವರೆಯಿಂದ ಮೂರರ ತನಕ ಬರಬೇಡಿ, ಅವನು ಊಟಕ್ಕೆ ಮನೆಗೆ ಹೋಗಿರುತ್ತಾನೆ.