ಬಣ್ಣಕ್ಕಿಂತ ಮೊದಲು ಬಿಸಿಲು

ಮಾಘ ಕಳೆಯುತ್ತಲೇ ಮುಂಬಯಿಯ ಸಸಿಯಂಗಡಿಗಳು ವರ್ಣಮಯವಾಗುತ್ತವೆ. ನಮ್ಮ ಗ್ಯಾಲರಿಯಲ್ಲಿ ೩ ಕುಂಡಗಳಿಗಷ್ಟೇ ಎಡೆಯುಂಟು. ನಲ್ಲಿಯಲ್ಲಿ ನೀರು ಬರುವುದು ಮುಂಜಾನೆ ೧ ತಾಸು ಮಾತ್ರ. ಆದುದರಿಂದ, ಮನೆಯವರ ಕುಡಿಯುವ ನೀರಿನಲ್ಲಿ ಪಾಲು ಬೇಡದ ಗಿಡಗಳನ್ನೇ ಈ ವಸಂತಕ್ಕೆ ಆರಿಸಿದೆನು.

ಮೊದಲನೆಯದು ಕಾಗದದ ಹೂವಿನ ಬಳ್ಳಿ. ನಾವು ಕೆಂಪು ದಳಗಳೆಂದು ತಿಳಿಯುವುವು ನಿಜವಾಗಿ ಬಣ್ಣ ತಳೆದ ಎಲೆಗಳು; ನಡುವಿನ ಪುಟ್ಟ ಬಿಳಿಯ ಕೊಳವೆಯೇ ಹೂವು. ಎರಡನೆಯದು ಮಡಗಾಸ್ಕರ್ ಮೂಲದ ನಿತ್ಯಪುಷ್ಪ, ರಕ್ತದ ಕ್ಯಾನ್ಸರಿಗೆ ಔಷಧವನ್ನಿತ್ತ ಗಿಡ. ಮೂರನೆಯದು ದಕ್ಷಿಣ ಅಮೆರಿಕದ ಪೋರ್ಚುಲಾಕಾ. ಬಿಸಿಲೇರಿದ ಮೇಲೆಯೇ ಅದು ಕಣ್ತೆರೆಯುವುದು. ಎಲೆಯಲ್ಲಿಯೂ ಕಾಂಡದಲ್ಲಿಯೂ ನೀರನ್ನು ಕೂಡಿಡುವ ಜಾಣಗಿಡವದು. ತಂಗಿ ಗುಲಾಬಿಯನ್ನು ಬಯಸಿದ್ದಳು. ಈಗ ಅಕ್ಕಿ ತೊಳೆದ ನೀರನ್ನು ಇವುಗಳಿಗೆ ಎರೆಯುವವಳು ಅವಳೇ.

ಗೆಳೆಯರೇ, ಸಸಿಯನ್ನು ಕೊಳ್ಳುವ ಮುನ್ನ ಒಂದು ರವಿವಾರ ನಿಮ್ಮ ಗ್ಯಾಲರಿಯಲ್ಲಿ ಬಿಸಿಲಿನ ತಾಸುಗಳನ್ನು ಎಣಿಸಿರಿ.