ಮರ್ಝೂಗಾದಿಂದ ಒಂದು ಫೋನ್

"ಮರಳು ನೋಡಾಕ ಅಷ್ಟು ದೂರ ಹೋಗಬೇಕೇನ್ರಿ? ನಮ್ಮ ತುಂಗಭದ್ರಾ ಹೊಳ್ಯಾಗ ಇಲ್ಲೇನು?" ಎಂದು ಪಕ್ಕದ ಮನೆಯ ಅಕ್ಕೋರು ನಕ್ಕರು. ಮೊರಾಕ್ಕೊ ಎಲ್ಲಿದೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಿಂದ ನಿವೃತ್ತರಾದ ಮೇಲೆ ನಮ್ಮವರಿಗೆ ಹಿಡಿದ ಹುಚ್ಚು ಅದು. ಹಜ್ಜ್ ನಿರ್ವಹಿಸಿ ಎಂಟು ವರ್ಷಗಳಾಗಿದ್ದವು. ಮಗಳ ಮದುವೆಯೂ ಮುಗಿದಿತ್ತು. ಊರ ಹೊರಗೆ ಮಾವನವರದೊಂದು ನಿವೇಶನವಿತ್ತು, ಅದನ್ನು ಮಾರಿದ ಹಣದಲ್ಲಿ ಸ್ವಲ್ಪ ಉಳಿದಿತ್ತು. "ಕಾಲು ಗಟ್ಟಿ ಇರುವಾಗಲೇ ಹೋಗಿ ಬರೋಣ" ಎಂದರು. ಆ ಹಣದ ವಿಷಯಕ್ಕೆ ಆಮೇಲೆ ಬರುತ್ತೇನೆ.

2024ರ ನವೆಂಬರ್‌ನಲ್ಲಿ ಹೊರಟೆವು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಮುಂಬಯಿ, ಅಲ್ಲಿಂದ ದುಬೈ, ದುಬೈಯಿಂದ ಕಾಸಾಬ್ಲಾಂಕಾ. ಗುಂಪಿನಲ್ಲಿ ಹದಿನಾಲ್ಕು ಜನ, ಮುಸ್ಲಿಮರು ನಾವಿಬ್ಬರೇ. ಕಾಸಾಬ್ಲಾಂಕಾದಲ್ಲಿ ಸಮುದ್ರದ ಅಂಚಿಗೆ ಕಟ್ಟಿದ ಎರಡನೇ ಹಸನ್ ಮಸೀದಿ ನೋಡಿದೆವು. 1993ರಲ್ಲಿ ಪೂರ್ಣಗೊಂಡ ಮಸೀದಿ. ಅದರ ಮಿನಾರ ಎಷ್ಟು ಎತ್ತರವೆಂದರೆ ನಮ್ಮವರು ತಲೆ ಎತ್ತಿ ನೋಡುವಾಗ ಟೋಪಿ ಬಿದ್ದು ಹೋಯಿತು.

ಫೆಸ್ ನಗರ ಮಾತ್ರ ನನಗೆ ನಮ್ಮೂರಿನಂತೆಯೇ ಕಂಡಿತು. ಹಳೆಯ ಪೇಟೆಯ ಗಲ್ಲಿಗಳಲ್ಲಿ ಮೋಟಾರು ಹೋಗುವುದಿಲ್ಲ. ಕತ್ತೆಯ ಮೇಲೆ ಹೇರು ಹೊತ್ತು "ಬಾಲಕ್! ಬಾಲಕ್!" ಎಂದು ಕೂಗುತ್ತಾ ಬರುತ್ತಾರೆ. ದಾರಿ ಬಿಡಿ ಎಂದರ್ಥ. ತೊಗಲು ಹದ ಮಾಡುವ ಹೊಂಡಗಳನ್ನು ನೋಡಲು ಮಹಡಿ ಹತ್ತುವಾಗ ಮೂಗಿಗೆ ಹಿಡಿಯಲು ಪುದೀನ ಸೊಪ್ಪು ಕೊಟ್ಟರು. ಪುದೀನ ಆ ದೇಶದಲ್ಲಿ ಚಹಾಕ್ಕೂ ಬೇಕು, ಮೂಗಿಗೂ ಬೇಕು! ಅಲ್ಲಿಂದ ಗೈಡ್ ನಮ್ಮನ್ನು ಒಂದು ಜಮಖಾನೆ ಅಂಗಡಿಯಲ್ಲಿ ಎರಡು ತಾಸು ಕೂರಿಸಿದರು. ನಮ್ಮವರು ದುರ್ಗದ ಬೈಲಿನಲ್ಲಿ ಮಾಡುವಂತೆ ಚೌಕಾಸಿ ಮಾಡಿ, ಕೊನೆಗೆ ಬೇಡದ ಒಂದು ಚಿಕ್ಕ ಹಾಸು ಕೊಂಡು ಹೊರಬಂದರು.

ಅದೇ ಗೈಡ್ ಅಲ್‌ಖರವಿಯ್ಯೀನ್ ಮಸೀದಿಯ ಬಾಗಿಲಲ್ಲಿ ನಿಂತು ಹೇಳಿದ ಕಥೆಯೇ ನಮ್ಮ ಬೆನ್ನು ಹತ್ತಿತು. ಟ್ಯುನೀಸಿಯಾದ ಖೈರವಾನ್‌ನಿಂದ ವಲಸೆ ಬಂದ ಕುಟುಂಬದ ಮಗಳು ಫಾತಿಮಾ ಅಲ್‌ಫಿಹ್ರಿ ತಂದೆಯಿಂದ ತನಗೆ ಬಂದ ಆಸ್ತಿಯಿಂದ 859ರಲ್ಲಿ ಈ ಮಸೀದಿ ಕಟ್ಟಿಸಿದಳಂತೆ. ಇದೇ ಮುಂದೆ ದೊಡ್ಡ ವಿದ್ಯಾಕೇಂದ್ರವಾಯಿತು. ತಂಗಿ ಮರ್ಯಮ್ ತನ್ನ ಪಾಲಿನಿಂದ ನದಿಯಾಚೆ ಇನ್ನೊಂದು ಮಸೀದಿ ಕಟ್ಟಿಸಿದಳಂತೆ. ನಮ್ಮ ಗುಂಪಿನಲ್ಲಿ ಪುಣೆಯ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಅವರು ಥಟ್ಟನೆ, "ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲವೇ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನು ನಮ್ಮವರ ಮುಖ ನೋಡಿದೆ. ಅವರು ನಗಲಿಲ್ಲ.

ಉಳಿದವರು ಬಾಗಿಲಲ್ಲೇ ನಿಂತರು, ಏಕೆಂದರೆ ಅಲ್ಲಿನ ಮಸೀದಿಗಳಿಗೆ ಇತರ ಧರ್ಮದವರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ನಾವಿಬ್ಬರೂ ಒಳಗೆ ಹೋಗಿ ನಮಾಝ್ ಮಾಡಿದೆವು. ಹೊರಗೆ ಬಂದ ಮೇಲೂ ಅವರಿಗೆ ಮಾತಿಲ್ಲ.

ಮರುದಿನ ಅಟ್ಲಾಸ್ ಬೆಟ್ಟಗಳನ್ನು ದಾಟಿ ಮರುಭೂಮಿಯ ಕಡೆ ಇಳಿದೆವು. ಬೆಳಿಗ್ಗೆ ಇಫ್ರಾನ್‌ನಲ್ಲಿ ಸ್ವೆಟರ್ ಹಾಕಿಕೊಂಡು ನಡುಗಿದವರು ಮಧ್ಯಾಹ್ನ ಝೀಝ್ ಕಣಿವೆಯಲ್ಲಿ ಖರ್ಜೂರದ ತೋಪು ನೋಡಿದೆವು. ನಾವು ಕರ್ನಾಟಕದವರು ಎಂದಾಗ ನಾನು ಗೈಡ್‌ಗೆ ಒಂದು ಮಾತು ಹೇಳಿದೆ. ಅವರ ತಾಂಜಿಯರ್‌ನ ಇಬ್ನ್ ಬತೂತಾ 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹುಡುಗಿಯರ 13 ಶಾಲೆಗಳನ್ನೂ ಹುಡುಗರ 23 ಶಾಲೆಗಳನ್ನೂ ಕಂಡು, ಬೇರೆಲ್ಲೂ ಇಂಥದ್ದು ನೋಡಿಲ್ಲವೆಂದು ಬರೆದಿದ್ದಾನೆ. ಗೈಡ್‌ಗೆ ಇದು ಗೊತ್ತಿರಲಿಲ್ಲ. ಆ ದಿನ ನನಗೆ ಸ್ವಲ್ಪ ಗರ್ವವೇ ಬಂತೆನ್ನಿ.

ಎರ್ಫೌದ್ ಬಳಿ ರಸ್ತೆಯ ಪಕ್ಕ ಸಾಲುಸಾಲಾಗಿ ಹುತ್ತದಂಥ ಮಣ್ಣಿನ ದಿಬ್ಬಗಳಿದ್ದವು. ಕೆಳಗೆ ಸುರಂಗ. ಎತ್ತರದ ನೆಲದ ಅಂತರ್ಜಲ ಇಳಿಜಾರಿನ ಬಲದಿಂದಲೇ ಮೈಲುಗಟ್ಟಲೆ ಹರಿದು ಊರಿಗೆ ಬರುತ್ತಿತ್ತು. ಖೆತ್ತಾರಾ ಎನ್ನುತ್ತಾರೆ. ಬೀದರ್‌ನ ನೌಬಾದ್‌ನಲ್ಲಿರುವ ಬಹಮನಿ ಕಾಲದ ಕರೇಜ್ ಕೂಡ ಇದೇ ಬಗೆಯದು. ಈಗ ಬಹಳಷ್ಟು ಖೆತ್ತಾರಾಗಳು ಬತ್ತಿವೆ. ನೀರನ್ನು ಹೊತ್ತಿನ ಲೆಕ್ಕದಲ್ಲಿ ಪಾಲು ಹಾಕುತ್ತಿದ್ದರಂತೆ, ಒಂದೊಂದು ಮನೆಗೆ ಇಷ್ಟು ಹೊತ್ತು ಎಂದು. ಆ ಹೊತ್ತೂ ಆಸ್ತಿಯೇ. ಅದನ್ನು ಮಾರಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ವಾರಕ್ಕೊಮ್ಮೆ ನಲ್ಲಿ ನೀರಿಗೆ ಕಾದು ಕೊಡ ತುಂಬಿದ ಹುಬ್ಬಳ್ಳಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೈಡ್ 'ಪಾಲು' ಎಂದಾಗಲೆಲ್ಲ ನಮ್ಮವರು ಕಿಟಕಿಯಾಚೆ ನೋಡುತ್ತಿದ್ದರು.

ಮರ್ಝೂಗಾ ತಲುಪಿದಾಗ ಸಂಜೆ. ಬೆಟ್ಟದೆತ್ತರದ ಮರಳು, ಒಲೆಯ ಕೆಂಡದ ಬಣ್ಣ. ಒಂಟೆ ಮೊದಲು ಹಿಂಗಾಲಿನಲ್ಲಿ ಏಳುತ್ತದೆಂದು ಯಾರೂ ಹೇಳಿರಲಿಲ್ಲ. ನಾನು "ಯಾ ಅಲ್ಲಾಹ್" ಎಂದು ಅದರ ಕತ್ತಿನ ಮೇಲೇ ಬೀಳುವವಳಿದ್ದೆ. ರಾತ್ರಿ ಡೇರೆಯಲ್ಲಿ ಮಣ್ಣಿನ ಪಾತ್ರೆಯ ತಾಜೀನ್ ಊಟ, ಡೋಲು, ಹಾಡು. ಚಳಿಗೆ ಎರಡು ಕಂಬಳಿ ಸಾಲಲಿಲ್ಲ.

ಫಜ್ರ್‌ಗೆ ಎದ್ದು, ಹಲ್ಲು ಕಡಿಯುತ್ತಾ ವುಝೂ ಮಾಡಿ, ಒಂಟೆಯವನನ್ನು ಕಿಬ್ಲಾ ಎತ್ತ ಎಂದು ಕೇಳಿದೆವು. ಅವನು ಪೂರ್ವಕ್ಕೆ ಕೈ ತೋರಿಸಿದ. ಊರಿನಲ್ಲಿ ಬುದ್ಧಿ ಬಂದಾಗಿನಿಂದ ಪಶ್ಚಿಮಕ್ಕೆ ಮುಖ ಮಾಡಿದವರು ನಾವು. ಇಲ್ಲಿ ಬೆಳಕು ಹರಿಯುವ ದಿಕ್ಕಿಗೇ ಸುಜೂದ್ ಮಾಡಿದೆವು. ಸಲಾಮ್ ಹೇಳಿದ ಮೇಲೆ ನಮ್ಮವರು ಎದ್ದೇಳಲಿಲ್ಲ.

"ಹಜ್ಜ್‌ಗೆ ಹೋಗುವಾಗ ಅವಳ ಹತ್ತಿರ ಮಾಫಿ ಕೇಳಿದ್ದೆ" ಎಂದರು. "ಯಾವುದಕ್ಕೆಂದು ಹೇಳಿರಲಿಲ್ಲ."

ಅವಳು ಎಂದರೆ ನನ್ನ ನಾದಿನಿ. ಧಾರವಾಡದಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. 2009ರಲ್ಲಿ ಮಾವ ತೀರಿಕೊಂಡ ನಾಲ್ಕು ತಿಂಗಳಿಗೆ ನಿವೇಶನ, ಮನೆ ಎರಡಕ್ಕೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಅಣ್ಣ ಕೇಳಿದ, ತಂಗಿ ಹಾಕಿದಳು. ಅಂದು ಬಿರಿಯಾನಿ ಮಾಡಿದವಳು ನಾನು. ಅವಳಿಗೊಂದು ರೇಷ್ಮೆ ಸೀರೆ ಆರಿಸಿ ತಂದವಳೂ ನಾನು. ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಎಂಬುದು ಮದ್ರಸದಲ್ಲಿ ಕಲಿತದ್ದೇ. ಆ ಒಂದು ಪಾಲಿನ ಮಾತನ್ನು ಆ ದಿನ ನಾನು ಎತ್ತಬಹುದಿತ್ತು. ಎತ್ತಲಿಲ್ಲ. ನಿವೇಶನ ಹದಿನೆಂಟು ಲಕ್ಷಕ್ಕೆ ಹೋಗಿತ್ತು. ಅದರಲ್ಲಿ ಅವಳದು ಆರು ಲಕ್ಷ. ನಮ್ಮಿಬ್ಬರ ಈ ಪ್ರವಾಸಕ್ಕೆ ಆದದ್ದು ನಾಲ್ಕೂವರೆ ಲಕ್ಷ.

ಡೇರೆಯ ವೈಫೈ ಹಿಡಿದು ಫೋನ್ ಮಾಡಿದರು. ಅಲ್ಲಿ ಹನ್ನೊಂದೂವರೆ. ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. "ಏನಾಯ್ತು ಭಾಯಿಜಾನ್? ಭಾಬಿ ಹುಷಾರಾಗಿದ್ದಾರಾ?" ಎಂದು ಗಾಬರಿಯಾದಳು. ಇವರಿಗೆ ಬಾಯಿ ಬರಲಿಲ್ಲ. ಫೋನ್ ನನ್ನ ಕೈಗಿತ್ತರು. ನಾನೇ ಹೇಳಿದೆ. ಯಂತ್ರ ನಿಂತಿತು. ಬಹಳ ಹೊತ್ತಿನ ಮೇಲೆ, "ಬಂದ ಮೇಲೆ ಮಾತಾಡೋಣ ಭಾಬಿ. ಫೋನ್‌ನಲ್ಲಿ ಹೇಳಿದ್ದನ್ನು ಜನ ಫೋನ್‌ನಲ್ಲೇ ಮರೆಯುತ್ತಾರೆ" ಎಂದಳು.

ಆಮೇಲೆ ತೋದ್ರಾ ಕಣಿವೆ, ಐತ್ ಬೆನ್‌ಹದ್ದೂವಿನ ಮಣ್ಣಿನ ಕೋಟೆ, ಮರಾಕೇಶ್ ಎಲ್ಲ ನೋಡಿದೆವು. ಫೋಟೋಗಳಿವೆ. ನನಗೆ ಹೆಚ್ಚೇನೂ ನೆನಪಿಲ್ಲ.

ಊರಿಗೆ ಬಂದ ಮೂರನೇ ದಿನ ಖರ್ಜೂರದ ಡಬ್ಬಿ ಹಿಡಿದು ಧಾರವಾಡಕ್ಕೆ ಹೋದೆವು. ಕೈಯಲ್ಲಿ ಉಳಿದದ್ದು ಒಂದು ಲಕ್ಷ. ಬಾಕಿಯನ್ನು ಪಿಂಚಣಿಯಲ್ಲಿ ಕಂತಿನಂತೆ ಕೊಡುವುದೆಂದಾಯಿತು. ಮಗ ಸಿಡಿಮಿಡಿಗೊಂಡಿದ್ದಾನೆ. "ಅತ್ತೆಯೇ ಸಹಿ ಹಾಕಿ ಕೊಟ್ಟದ್ದಲ್ಲವೇ" ಎನ್ನುತ್ತಾನೆ. ಮನೆಯ ಪಾಲಿನ ಮಾತನ್ನು ನಾವಿನ್ನೂ ಎತ್ತಿಲ್ಲ, ಅವಳೂ ಎತ್ತಿಲ್ಲ. ಅಂದು ಅವಳು ಹಣ ಎಣಿಸಲಿಲ್ಲ. ರವಿಕೆಯ ಅಳತೆ ಬರೆದಿಡುವ ಪುಸ್ತಕ ತೆಗೆದು, ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ, 'ಅಬ್ಬಾ ಅವರದು, ಒಂದು ಲಕ್ಷ' ಎಂದು ಬರೆದು, ನಮಗೆ ಚಹಾ ಮಾಡಲು ಎದ್ದಳು.